ಕೂದಲ ಬುಡದಲ್ಲಿ ಉಳಿದ ಬಣ್ಣ

ತೊನ್ನಿನ ಮಚ್ಚೆ ತೋರಿಸಲು ಹೋದಾಗ ಚರ್ಮವೈದ್ಯರು ಅದರ ಮೇಲಿನ ರೋಮಗಳನ್ನೂ ಬಗ್ಗಿ ನೋಡುತ್ತಾರೆ. ಚರ್ಮ ಅಚ್ಚ ಬಿಳಿಯಾಗಿದ್ದರೂ ಕೂದಲು ಕಪ್ಪಾಗಿಯೇ ಇದ್ದರೆ ಬಣ್ಣ ಮರಳುವ ಭರವಸೆ ಹೆಚ್ಚು. ಕೂದಲೂ ಬೆಳ್ಳಗಾಗಿದ್ದರೆ ಕೆಲಸ ಕಷ್ಟ.

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಹೊರಪದರದ ತಳದಲ್ಲಿರುವ ಮೆಲನೊಸೈಟ್ ಎಂಬ ಜೀವಕೋಶಗಳಲ್ಲಿ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ತೊನ್ನಿನಲ್ಲಿ ಈ ಕೋಶಗಳೇ ಸಾಯುತ್ತವೆ. ಕೊಲ್ಲುವುದು ಯಾವ ರೋಗಾಣುವೂ ಅಲ್ಲ, ನಮ್ಮದೇ ರಕ್ಷಣಾಪಡೆಯ ಟಿ-ಕೋಶಗಳು. ದಾಳಿಗಿಳಿದ ಟಿ-ಕೋಶ ಇಂಟರ್‌ಫೆರಾನ್-ಗಾಮಾ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದರ ಪರಿಣಾಮವಾಗಿ ಇನ್ನಷ್ಟು ಟಿ-ಕೋಶಗಳು ಅಲ್ಲಿಗೆ ನುಗ್ಗಿ ಬರುತ್ತವೆ, ಮಚ್ಚೆ ಅಂಚಿನಲ್ಲಿ ಹಿಗ್ಗುತ್ತದೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಇದು ಇದೆ. ಇವರಲ್ಲಿ ಹಲವರಿಗೆ ಥೈರಾಯ್ಡ್ ತೊಂದರೆಯೂ ಇರುವುದರಿಂದ ಆ ರಕ್ತಪರೀಕ್ಷೆಯನ್ನೂ ಮಾಡಿಸುತ್ತಾರೆ.

ಆದರೆ ರೋಮಕೂಪದ ಆಳದಲ್ಲಿ ಮೆಲನೊಸೈಟ್‌ಗಳ ಆಕರಕೋಶಗಳು ಎಷ್ಟೋ ಸಲ ಈ ದಾಳಿಯಿಂದ ಪಾರಾಗಿರುತ್ತವೆ, ಹಗೇವಿನಲ್ಲಿ ಉಳಿಸಿಟ್ಟ ಜೋಳದ ಹಾಗೆ. ಚಿಕಿತ್ಸೆ ಫಲಿಸತೊಡಗಿದಾಗ ಬಿಳಿ ಮಚ್ಚೆಯ ನಡುವೆ ಒಂದೊಂದು ರೋಮದ ಬುಡದಲ್ಲೂ ಸಣ್ಣ ಕಂದು ಚುಕ್ಕೆ ಮೂಡುತ್ತದೆ. ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮುಖದ ಮಚ್ಚೆ ಬೇಗ ತುಂಬಿಕೊಂಡರೂ, ರೋಮವೇ ಇಲ್ಲದ ತುಟಿ ಮತ್ತು ಬೆರಳ ತುದಿಗಳು ಹಟ ಹಿಡಿಯುವುದು ಇದಕ್ಕೇ.

ಬಿಳಿ ಕಂಡದ್ದೆಲ್ಲ ತೊನ್ನಲ್ಲ. ಚಿಬ್ಬು ಶಿಲೀಂಧ್ರದಿಂದ ಬರುತ್ತದೆ, ಅದಕ್ಕೆ ಬೇರೆಯೇ ಔಷಧಿ. ಕುಷ್ಠದ ಮಚ್ಚೆ ಪೂರ್ತಿ ಬೆಳ್ಳಗಿರದೆ ಮಂಕಾಗಿರುತ್ತದೆ. ಅಲ್ಲಿ ಮುಟ್ಟಿದ್ದು, ಚುಚ್ಚಿದ್ದು ಸರಿಯಾಗಿ ತಿಳಿಯದಿರಬಹುದು. ತೊನ್ನಿನಲ್ಲಿ ಸ್ಪರ್ಶಜ್ಞಾನ ಹಾಗೇ ಇರುತ್ತದೆ, ಅದು ಯಾರಿಗೂ ಅಂಟುವುದಿಲ್ಲ. ಸರ್ಪದೋಷ, ಹಾಲು-ಮೀನು ಒಟ್ಟಿಗೆ ತಿಂದದ್ದು ಎಂಬ ಮಾತುಗಳಿಗೆ ಆಧಾರವಿಲ್ಲ. ಹೆಣ್ಣು ನೋಡಲು ಹೋದವರು ವಂಶದ ಮಾತೆತ್ತುತ್ತಾರಲ್ಲ, ಅವರಿಗೆ ಒಂದು ಲೆಕ್ಕ ಹೇಳಬೇಕು: ಒಂದೇ ವಂಶವಾಹಿ ಹಂಚಿಕೊಂಡ ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಇದ್ದಾಗ ಇನ್ನೊಬ್ಬರಿಗೂ ಬಂದದ್ದು ಶೇ. 23ರಷ್ಟು ಮಾತ್ರ.

ಮನೆಯಲ್ಲಿ ಹುಡುಕಬೇಕಾದ ಕಾರಣಗಳು ಬೇರೆ ಇವೆ. ಕೆಲವು ಸ್ಟಿಕ್ಕರ್ ಬೊಟ್ಟುಗಳ ಅಂಟಿನಲ್ಲಿರುವ ಪ್ಯಾರಾ-ಟರ್ಷಿಯರಿ ಬ್ಯುಟೈಲ್ ಫೀನಾಲ್ ಮೆಲನೊಸೈಟ್‌ಗಳಿಗೆ ವಿಷ. ಹಣೆಯ ನಡುವೆ, ಬೊಟ್ಟಿನಷ್ಟೇ ಅಗಲಕ್ಕೆ ಬಣ್ಣ ಹೋಗುತ್ತದೆ. ಇಂಥದ್ದು ವೈದ್ಯರ ಗಮನಕ್ಕೆ ಬಂದದ್ದು ಇಂದು ನಿನ್ನೆಯಲ್ಲ: 1939ರಲ್ಲಿ ಅಮೆರಿಕದ ಚರ್ಮ ಹದಮಾಡುವ ಕಾರ್ಖಾನೆಯೊಂದರ ಕಾರ್ಮಿಕರ ಕೈಗಳು ರಬ್ಬರ್ ಕೈಗವಸಿನಲ್ಲಿದ್ದ ರಾಸಾಯನಿಕದಿಂದ ಬೆಳ್ಳಗಾಗಿದ್ದವು. (ಅದೇ ರಾಸಾಯನಿಕ ಮುಂದೆ, ಮೈಯೆಲ್ಲ ತೊನ್ನು ಹರಡಿದವರಲ್ಲಿ ಅಳಿದುಳಿದ ಬಣ್ಣವನ್ನೂ ತೆಗೆಯುವ ಮುಲಾಮಾಯಿತು!) ತೊನ್ನಿನ ಪ್ರವೃತ್ತಿ ಇರುವವರಲ್ಲಿ ಬರಿಯ ಉಜ್ಜಾಟವೂ ಸಾಕು. ಲಂಗದ ಲಾಡಿ ಬಿಗಿಯುವ ಸೊಂಟದಲ್ಲಿ, ಚಪ್ಪಲಿಯ ಪಟ್ಟಿ ಒತ್ತುವ ಪಾದದಲ್ಲಿ ಹೊಸ ಮಚ್ಚೆ ಏಳಬಹುದು. ಲಾಡಿ ಸಡಿಲಿಸಿ, ಬೊಟ್ಟಿನ ಬದಲು ಕುಂಕುಮ ಇಟ್ಟುಕೊಳ್ಳುವುದಕ್ಕೆ ಖರ್ಚೇನಿಲ್ಲ.

ಚಿಕಿತ್ಸೆಗೆ ಎರಡು ಗುರಿ: ದಾಳಿ ನಿಲ್ಲಿಸುವುದು, ಉಳಿದ ಕೋಶಗಳನ್ನು ಎಬ್ಬಿಸುವುದು. ಮೊದಲನೆಯದಕ್ಕೆ ಸ್ಟೀರಾಯ್ಡ್ ಅಥವಾ ಟ್ಯಾಕ್ರೊಲಿಮಸ್ ಮುಲಾಮು. ಎರಡನೆಯದಕ್ಕೆ ಬೆಳಕು. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರುವ ಹಳೆಯ ಪದ್ಧತಿಯಲ್ಲಿ ಹುರುಳಿತ್ತು. ಅದರಲ್ಲಿರುವ ಸೋರಲೆನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಆದರೆ ಪ್ರಮಾಣ ತಪ್ಪಿದರೆ ಬೊಬ್ಬೆ ಏಳುತ್ತದೆ, ಸುಟ್ಟ ಜಾಗದಲ್ಲಿ ತೊನ್ನು ಇನ್ನೂ ಹರಡಬಹುದು. ಮನೆಯಲ್ಲಿ ಈ ಪ್ರಯೋಗ ಖಂಡಿತ ಬೇಡ. ಈಗ ಆಸ್ಪತ್ರೆಗಳಲ್ಲಿ 311 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ಕಿರಣವನ್ನು ವಾರಕ್ಕೆ ಎರಡು-ಮೂರು ಸಲ ಅಳತೆ ಮಾಡಿ ಕೊಡುತ್ತಾರೆ. ಇಂಟರ್‌ಫೆರಾನ್-ಗಾಮಾದ ಸಂದೇಶವನ್ನೇ ಕೋಶದೊಳಗೆ ತಡೆಯುವ ರುಕ್ಸೊಲಿಟಿನಿಬ್ ಮುಲಾಮಿಗೆ ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಸುಮಾರು ಒಂದು ವರ್ಷ ಅಲ್ಲಾಡದೆ ನಿಂತ ಮಚ್ಚೆಗೆ, ಮೈಯ ಬೇರೆಡೆಯ ಆರೋಗ್ಯವಂತ ಮೆಲನೊಸೈಟ್‌ಗಳನ್ನು ತಂದು ನಾಟಿ ಮಾಡುವ ಶಸ್ತ್ರಚಿಕಿತ್ಸೆಯೂ ಇದೆ.

ಯಾವುದೂ ಶಾಶ್ವತ ಗುಣದ ಖಾತರಿ ಕೊಡುವುದಿಲ್ಲ. ನಿಲ್ಲಿಸಿದ ಮೇಲೆ ಮರಳಿ ಬರುವುದುಂಟು. ಬಸ್ ನಿಲ್ದಾಣದ ಗೋಡೆಯ ಮೇಲೆ ‘ನೂರಕ್ಕೆ ನೂರು ಗುಣ’ ಎಂದು ಬರೆಸಿದವರ ಫೋನ್ ನಂಬರು ನಂಬಬೇಡಿ. ಮಚ್ಚೆ ಚಿಕ್ಕದಿದ್ದಾಗಲೇ, ಕೂದಲು ಕಪ್ಪಿದ್ದಾಗಲೇ ಚರ್ಮವೈದ್ಯರ ಬಳಿ ಹೋಗಿ. ಬೆಳಕಿನ ಚಿಕಿತ್ಸೆ ಹಿಡಿದರೆ ಕನಿಷ್ಠ ಆರು ತಿಂಗಳು ಬಿಡಬೇಡಿ. ತಿಂಗಳಿಗೊಮ್ಮೆ ಅದೇ ಜಾಗದ ಫೋಟೊ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಆ ಕಂದು ಚುಕ್ಕೆಗಳು ಹೆಚ್ಚಿದ್ದು ಗೊತ್ತಾಗುವುದೇ ಇಲ್ಲ.