ಬೃಹತ್ ದೂರದರ್ಶಕಗಳ ದರ್ಪಣ: ಸಾರ್ವಜನಿಕ ಮಾಹಿತಿ

ಮಾರತ್ತಹಳ್ಳಿಯಿಂದ ಕೆ.ಆರ್. ಪುರದ ಮಾರ್ಗವಾಗಿ ತಲುಪಬಹುದಾದ ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ‘ಕ್ರೆಸ್ಟ್’ ಆವರಣವಿರುತ್ತದೆ. ಉದ್ದೇಶಿತ 30 ಮೀಟರ್ ದೂರದರ್ಶಕದ (ಟಿಎಂಟಿ) ದರ್ಪಣ ಖಂಡಗಳಿಗೆ ಹೊಳಪು ನೀಡುವ ಘಟಕವನ್ನು ಇಲ್ಲಿ ಸ್ಥಾಪಿಸಲಾಗಿದೆ. ಇಂತಹ ದರ್ಪಣಗಳು ದುಬಾರಿಯಾಗಲು ಕಾರಣಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಮಸೂರಕ್ಕೆ ಬದಲಾಗಿ ದರ್ಪಣವೇಕೆ?
ಬೆಳಕು ಮಸೂರದ ಮೂಲಕವೇ ಹಾದುಹೋಗಬೇಕಾದ್ದರಿಂದ ಅದಕ್ಕೆ ಅಂಚಿನಲ್ಲಿ ಮಾತ್ರ ಆಧಾರ ನೀಡಬಹುದು. ಗಾತ್ರ ಹೆಚ್ಚಿದಂತೆ ಅದು ಸ್ವಂತ ಭಾರದಿಂದಲೇ ಬಾಗುತ್ತದೆ. ದರ್ಪಣಕ್ಕಾದರೆ ಹಿಂಬದಿಯ ಉದ್ದಗಲಕ್ಕೂ ಆಧಾರ ನೀಡಬಹುದಾಗಿದೆ.

2. ಗಾತ್ರದ ಪ್ರಯೋಜನವೇನು?
ವ್ಯಾಸವು ಎರಡು ಪಟ್ಟಾದರೆ ಸಂಗ್ರಹವಾಗುವ ಬೆಳಕು ನಾಲ್ಕು ಪಟ್ಟಾಗುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಯಾದ ವೈನು ಬಪ್ಪು ದೂರದರ್ಶಕದ ದರ್ಪಣದ ವ್ಯಾಸ 2.34 ಮೀಟರ್. ಅದನ್ನು ಸದರಿ ಸಂಸ್ಥೆಯು ಬೆಂಗಳೂರಿನಲ್ಲಿಯೇ ಉಜ್ಜಿ ಸಿದ್ಧಪಡಿಸಿತ್ತು. 30 ಮೀಟರ್ ದರ್ಪಣವು ಅದಕ್ಕಿಂತ ಸುಮಾರು 160 ಪಟ್ಟು ಹೆಚ್ಚು ಬೆಳಕನ್ನು ಸಂಗ್ರಹಿಸಬಲ್ಲದು.

3. ವೆಚ್ಚ ಅಧಿಕವೇಕೆ?
ಉಷ್ಣಾಂಶ ಬದಲಾದರೂ ಬಹುತೇಕ ಹಿಗ್ಗದ, ಕುಗ್ಗದ ವಿಶೇಷ ಗಾಜು ಅವಶ್ಯಕ. ಮೇಲ್ಮೈಯ ಏರುಪೇರು ಬೆಳಕಿನ ತರಂಗಾಂತರದ ಅಲ್ಪಾಂಶವನ್ನೂ ಮೀರುವಂತಿಲ್ಲ. ಆದ್ದರಿಂದ ಉಜ್ಜುವುದು, ಅಳೆಯುವುದು, ಪುನಃ ಉಜ್ಜುವುದು ಅನಿವಾರ್ಯ.

4. ಖಂಡಗಳಾಗಿ ವಿಂಗಡಣೆ ಏಕೆ?
30 ಮೀಟರ್ ಅಗಲದ ಗಾಜನ್ನು ಏಕಖಂಡವಾಗಿ ಎರಕ ಹೊಯ್ದು ಸಾಗಿಸುವುದು ಕಾರ್ಯಸಾಧ್ಯವಲ್ಲ. ಆದಕಾರಣ ತಲಾ 1.44 ಮೀಟರ್ ಅಳತೆಯ 492 ಷಟ್ಕೋನ ಖಂಡಗಳನ್ನು ಜೋಡಿಸಿ ಒಂದೇ ದರ್ಪಣದಂತೆ ಬಳಸಲು ಯೋಜಿಸಲಾಗಿದೆ. ಸ್ಥಾನಕ್ಕನುಗುಣವಾಗಿ ಅವುಗಳಲ್ಲಿ 82 ಬಗೆಯ ವಕ್ರತೆಗಳಿರುತ್ತವೆ.

ಭಾರತವು ತನ್ನ ಪಾಲಿನ ಬಹುಭಾಗವನ್ನು ನಗದಿನ ಬದಲು ದರ್ಪಣ ಖಂಡ, ಉಪಕರಣ ಹಾಗೂ ತಂತ್ರಾಂಶದ ರೂಪದಲ್ಲಿ ನೀಡಲು ಉದ್ದೇಶಿಸಿದೆ. ದೂರದರ್ಶಕವು ಎಲ್ಲಿಯೇ ಸ್ಥಾಪನೆಯಾದರೂ ಈ ಕಾರ್ಯದಿಂದ ಲಭಿಸುವ ಪರಿಣತಿಯು ನಾಡಿನಲ್ಲಿಯೇ ಉಳಿಯುತ್ತದೆ ಎಂಬುದನ್ನು ಸಾರ್ವಜನಿಕರು ಗಮನಿಸಬಹುದಾಗಿದೆ.