ಚಂದ್ರನೊಡನೆ ಓಟ

ಹುಣ್ಣಿಮೆಯ ರಾತ್ರಿ ಬಂಡಿಯಲ್ಲಿ ಕುಳಿತ ಮಗುವಿಗೆ ಚಂದ್ರನು ತನ್ನ ಸಂಗಡವೇ ಬರುತ್ತಿರುವಂತೆ ತೋರುತ್ತದೆ. ಇದು ದೂರದ ಮಾಯೆ. ಸುಮಾರು 3,84,000 ಕಿಲೋಮೀಟರ್ ಆಚೆ ಇರುವವನಿಗೆ ನಮ್ಮ ಹರದಾರಿಗಳು ಲೆಕ್ಕಕ್ಕಿಲ್ಲ. ನಿಜವಾಗಿ ಅವನೊಡನೆ ಸಾಗಲು ಎಷ್ಟು ವೇಗ ಬೇಕು?

ಭೂಮಿಯು ಪೂರ್ವಕ್ಕೆ ತಿರುಗುವುದರಿಂದ ಚಂದ್ರನು ಪಶ್ಚಿಮಕ್ಕೆ ಜಾರುವಂತೆ ಕಾಣುತ್ತಾನೆ. ಅವನೂ ಪೂರ್ವಕ್ಕೆ ನಡೆಯುತ್ತಿರುವುದರಿಂದ ಈ ಒಂದು ಸುತ್ತಿಗೆ ಸರಾಸರಿ 24 ಗಂಟೆ 50 ನಿಮಿಷ ಹಿಡಿಯುತ್ತದೆ. ಕುಷ್ಟಗಿಯ ಅಕ್ಷಾಂಶದಲ್ಲಿ ಭೂಮಿಯ ಸುತ್ತಳತೆ ಸುಮಾರು 38,570 ಕಿಲೋಮೀಟರ್. ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 1,550 ಕಿಲೋಮೀಟರ್. ಅಷ್ಟು ವೇಗದಿಂದ ಪಶ್ಚಿಮಕ್ಕೆ ಹಾರಿದರೆ ಚಂದ್ರನು ಹೆಚ್ಚುಕಡಿಮೆ ಕಂಡಲ್ಲೇ ನಿಲ್ಲುವನು.

ಗ್ರಹಣಕಾಲದ ಅವನ ನೆರಳನ್ನು ಹಿಡಿಯಲು ಮಾತ್ರ ಪೂರ್ವಕ್ಕೆ ಓಡಬೇಕು. ಆ ನೆರಳಿನ ಓಟ ಗಂಟೆಗೆ ಸುಮಾರು 3,400 ಕಿಲೋಮೀಟರ್. ತಿರುಗುವ ನೆಲದ ಓಟ ಅದರ ಅರ್ಧದಷ್ಟು. 1973ರ ಜೂನ್ 30ರಂದು ವಿಜ್ಞಾನಿಗಳು ಕಾಂಕಾರ್ಡ್ ವಿಮಾನದಲ್ಲಿ ಆಫ್ರಿಕದ ಮೇಲೆ ಅದನ್ನು ಬೆನ್ನಟ್ಟಿ 74 ನಿಮಿಷಗಳ ಪೂರ್ಣಗ್ರಹಣವನ್ನು ಕಂಡರು.

1980ರ ಫೆಬ್ರುವರಿ 16ರಂದು ಚಂದ್ರನ ನೆರಳು ನಮ್ಮ ಸೀಮೆಯನ್ನೇ ದಾಟಿತು. ಮೂರು ನಿಮಿಷವೂ ನಿಲ್ಲಲಿಲ್ಲ. ಬಾಲಕನಾಗಿದ್ದ ನನ್ನನ್ನು ಹಿರಿಯರು ಒಳಗೆ ಕೂಡಿಸಿ ಬಾಗಿಲು ಹಾಕಿದ್ದರು. ಅಂದು ಓಡಬೇಕಾಗಿಯೇ ಇರಲಿಲ್ಲ. ಕಣ್ಣಿಗೆ ತಕ್ಕ ರಕ್ಷಣೆಯಿಟ್ಟು ಅಂಗಳಕ್ಕೆ ಬಂದಿದ್ದರೆ ಸಾಕಾಗಿತ್ತು.