ಆಫರ್ ಇಲ್ಲದೆ ಜರ್ಮನಿಗೆ?

"ಆಫರ್ ಲೆಟರ್ ಇಲ್ಲದೆ ಜರ್ಮನಿಗೆ ಹೋಗಬಹುದಂತೆ, ನಿಜಾನಾ?" ಅಂತ ಕೇಳೋರು ಈಗ ಜಾಸ್ತಿ. ನಿಜ. 2024ರ ಜೂನ್‌ನಿಂದ 'ಚಾನ್ಸನ್‌ಕಾರ್ಟೆ' ಬಂದಿದೆ. ಅಮೆರಿಕದ ಎಚ್‌-1ಬಿಗೆ ಅರ್ಜಿ ಹಾಕೋದು ಕಂಪನಿ. ಇದಕ್ಕೆ ನೀವೇ ಹಾಕಬೇಕು. ಆದರೆ ಇದು ಕೆಲಸ ಕೊಡೋ ವೀಸಾ ಅಲ್ಲ, ಹೆಚ್ಚೆಂದರೆ ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಲು ಅನುಮತಿ ಅಷ್ಟೆ. ಈ ಅವಧಿಯಲ್ಲಿ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ಖರ್ಚಿಗೆ ದುಡ್ಡಿದೆ ಅಂತ ಮೊದಲೇ ತೋರಿಸಬೇಕು. 2025ರ ಲೆಕ್ಕ ತಿಂಗಳಿಗೆ 1,091 ಯೂರೋ, ವರ್ಷಕ್ಕೆ 13,092! ಅಪ್ಪನ ಪಿಎಫ್‌ಗೆ ಕೈ ಹಾಕುವ ಮುಂಚೆ 'ಅನಾಬಿನ್' ಜಾಲತಾಣದಲ್ಲಿ ನಿಮ್ಮ ವಿಶ್ವವಿದ್ಯಾಲಯ, ಡಿಗ್ರಿಗೆ ಮಾನ್ಯತೆ ಇದೆಯಾ ನೋಡಿ. ಅದಕ್ಕೆ ದುಡ್ಡಿಲ್ಲ, ಏಜೆಂಟೂ ಬೇಡ. ಅರ್ಜಿಗೆ ಬಿ2 ಮಟ್ಟದ ಇಂಗ್ಲಿಷ್ ನಡೆಯುತ್ತೆ. ಬರ್ಲಿನ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲೂ ನಡೆದೀತು; ಮೆಕ್ಯಾನಿಕಲ್‌ನವರು ಮಾತ್ರ ಜರ್ಮನ್ ಕಲಿತೇ ಹೊರಡೋದು ವಾಸಿ. ಇಲ್ಲಿಂದಲೇ ಆಫರ್ ಸಿಕ್ಕು, ಸಂಬಳ ಮಿತಿ ಮುಟ್ಟಿದರೆ, ನೇರ ಬ್ಲೂ ಕಾರ್ಡ್‌ಗೇ ಹಾಕಿ.